ರಜೆಯ ಒಂದು ದಿನ, ವೀರಗಲ್ಲುಗಳ ಜೊತೆ

ಬೆಂಗಳೂರು ಅನ್ನೋ ಊರಿನ ಹೆಸರು ಮೊದಲ ಸಲ ಕಾಣಿಸೋದು ಎಲ್ಲಿ ಗೊತ್ತಾ? ಅರಮನೆಯ ದಾಖಲೆಯಲ್ಲಲ್ಲ, ಕೋಟೆಯ ಬಾಗಿಲ ಮೇಲೂ ಅಲ್ಲ. ಕಾಳಗದಲ್ಲಿ ಸತ್ತ ಒಬ್ಬ ಮನುಷ್ಯನ ನೆನಪಿಗೆ ಬರೆಸಿದ ಕಲ್ಲಿನ ಮೇಲೆ. ಆ ಕಲ್ಲು ಇರೋದು ಬೇಗೂರಿನಲ್ಲಿ, ನಾಗೇಶ್ವರ ದೇವಸ್ಥಾನದಲ್ಲಿ. ಕಾಲ ಸುಮಾರು ಕ್ರಿ.ಶ. 890. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸೋದಕ್ಕೂ ಆರು ಶತಮಾನಕ್ಕಿಂತ ಹೆಚ್ಚು ಹಿಂದೆ. ನಾಗತ್ತರ ಎಂಬ ಗಂಗರ ಅಧಿಕಾರಿಯ ಮನೆತನಕ್ಕೆ ಸೇರಿದ ಬುಟ್ಟಣಶೆಟ್ಟಿ, ಬೆಂಗಳೂರ ಕಾಳಗದಲ್ಲಿ ಮಡಿದ. ಆ ಕಲ್ಲು ಹೇಳೋದು ಇದನ್ನ.

ರಜೆ ಸಿಕ್ಕಾಗ ನಾನು ಹೋಗೋದು ಇಂಥ ಕಲ್ಲುಗಳ ಹತ್ತಿರ. ಅಂಥ ಒಂದು ದಿನ ಹೇಗಿರುತ್ತೆ, ವೀರಗಲ್ಲನ್ನ ನೋಡೋದು ಹೇಗೆ ಅಂತ ಇವತ್ತು ಹೇಳ್ತೀನಿ. ಇತಿಹಾಸದ ಪದವಿ ಬೇಕಿಲ್ಲ. ಒಂದು ನೀರಿನ ಬಾಟಲಿ, ಒಂದು ಟಾರ್ಚು, ಸ್ವಲ್ಪ ಸಮಾಧಾನ ಇದ್ದರೆ ಸಾಕು.

ಬೆಳಗ್ಗೆ ಬೇಗ ಹೊರಡೋದು ಒಳ್ಳೇದು. ಕಾರಣ ಬೆಳಕು. ನೆತ್ತಿಯ ಮೇಲಿನ ಬಿಸಿಲಲ್ಲಿ ಬಯಲಿನ ಶಾಸನದ ಅಕ್ಷರ ಕಣ್ಣಿಗೆ ಸಿಗೋದೇ ಇಲ್ಲ, ಕಲ್ಲೆಲ್ಲ ಒಂದೇ ಬಣ್ಣವಾಗಿ ಕಾಣುತ್ತೆ. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ ಬೀಳುತ್ತೆ, ಕೊರೆದ ಪ್ರತಿ ಗೆರೆಯೊಳಗೂ ನೆರಳು ಕೂರುತ್ತೆ, ಅಕ್ಷರ ಎದ್ದು ಬರುತ್ತೆ. ಮಂಟಪದ ಒಳಗಿನ ಕಲ್ಲಾದರೆ ಮೊಬೈಲ್ ಟಾರ್ಚನ್ನ ಎದುರಿಗೆ ಹಿಡೀಬೇಡಿ. ಪಕ್ಕದಿಂದ, ಕಲ್ಲಿನ ಮೈಗೆ ಹತ್ತಿರ ಹಿಡೀರಿ. ಅಕ್ಕಿ ಹಿಟ್ಟು, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಒದ್ದೆ ಕಾಗದ ಮೆತ್ತಿ, ಬಡಿದು, ಮಸಿ ಸವರಿ ಅಚ್ಚು ತೆಗೆಯೋದು ಶಾಸನತಜ್ಞರ ಕೆಲಸ. ನಮಗೆ ಬೆಳಕು ಸಾಕು.

ಈಗ ಕಲ್ಲನ್ನ ಓದೋಣ. ವೀರಗಲ್ಲನ್ನ ಕೆಳಗಿನಿಂದ ಮೇಲಕ್ಕೆ ಓದಬೇಕು. ಹೊಯ್ಸಳರ ಕಾಲದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಿನದ್ದು ಕಾಳಗ: ಕತ್ತಿ, ಬಿಲ್ಲು, ಕುದುರೆ, ಕೆಲವೊಮ್ಮೆ ಹಿಂದೆ ಸಾಲಾಗಿ ನಿಂತ ಹಸುಗಳು. ನಡುವಿನದ್ದು ಪ್ರಯಾಣ: ಸತ್ತ ವೀರನನ್ನ ಅಪ್ಸರೆಯರು ಎತ್ತಿಕೊಂಡು ಹೋಗ್ತಾರೆ. ಮೇಲಿನದ್ದು ಕೈಲಾಸ: ಲಿಂಗ, ನಂದಿ, ಪೂಜೆ ಮಾಡುವವನು, ಪಕ್ಕದಲ್ಲಿ ಕೈಮುಗಿದು ಕುಳಿತ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರೋವರೆಗೆ ಈ ಹೆಸರು ಇರಲಿ, ಕೊಟ್ಟ ಭೂಮಿ ಉಳಿಯಲಿ ಅಂತ ಅರ್ಥ. ಗಂಗರ ಕಾಲಕ್ಕೆ ಹೋದರೆ ಎಷ್ಟೋ ಸಲ ಒಂದೇ ಚಿತ್ರ ಇರುತ್ತೆ: ದೊಡ್ಡದಾಗಿ ನಿಂತ ವೀರ, ಎದುರಿಗೆ ಶತ್ರು, ಸುತ್ತ ಅಕ್ಷರ.

ಕೆಳಗಿನ ಅಂತಸ್ತಿನಲ್ಲಿ ಹಸುಗಳಿದ್ದರೆ ಅದು ತುರುಗೊಳ್ ಕಲ್ಲು. ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನ ತಡೆದು ಸತ್ತವನ ಕಲ್ಲು. ಆ ಕಾಲಕ್ಕೆ ಊರಿನ ಆಸ್ತಿ ಅಂದರೆ ದನ. ಹಾಗಾಗಿ ಕರ್ನಾಟಕದ ಉದ್ದಗಲಕ್ಕೂ ಈ ಬಗೆಯ ಕಲ್ಲುಗಳು ಸಿಗ್ತವೆ. ಊರಿನ ಮೇಲೆ ದಾಳಿಯಾದಾಗ ಸತ್ತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು, ಹುಲಿಯ ಜೊತೆ, ಹಂದಿಯ ಜೊತೆ ಸೆಣಸಿ ಸತ್ತವರು ಎಲ್ಲರಿಗೂ ಕಲ್ಲು ಉಂಟು. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಕೈ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆ ಏರಿದ ಹೆಣ್ಣಿನದ್ದು. ಅದರ ಮುಂದೆ ನಿಂತಾಗ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತೆ. ಆ ಸಂಕಟವೂ ಇತಿಹಾಸ ಓದುವುದರ ಒಂದು ಭಾಗ ಅಂತ ನಾನು ನಂಬ್ತೀನಿ.

ಹಳೆಗನ್ನಡ ಲಿಪಿ ನೋಡಿ ಹೆದರಬೇಡಿ. ಬಹಳಷ್ಟು ಶಾಸನಗಳು ಶುರುವಾಗೋದು 'ಸ್ವಸ್ತಿ ಶ್ರೀ' ಅಂತಲೇ. ಆ ಎರಡು ಪದದ ಆಕಾರ ಕಣ್ಣಿಗೆ ರೂಢಿಯಾದರೆ ಸ, ವ, ತ, ಶ, ರ ಆಗಲೇ ಸಿಕ್ಕಿಬಿಟ್ಟವು. ಅಲ್ಲಿಂದ ಮುಂದಕ್ಕೆ ಬೆರಳು ತಾಗಿಸದೆ, ಕಣ್ಣಲ್ಲೇ ಒಂದೊಂದೇ ಅಕ್ಷರ ಹಿಡಿದುಕೊಂಡು ಹೋಗಿ. ಒಂದು ಹೆಸರು ಪೂರ್ತಿಯಾಗಿ ಓದಕ್ಕೆ ಬಂದಾಗ ಆಗೋ ಖುಷಿ ಇದೆಯಲ್ಲ, ಅದಕ್ಕಾಗಿ ಇಡೀ ಬೆಳಗ್ಗೆ ಕೊಡಬಹುದು.

ಮಧ್ಯಾಹ್ನ ಬಿಸಿಲೇರಿದ ಮೇಲೆ ವಸ್ತುಸಂಗ್ರಹಾಲಯ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾಗಿದ್ದು 1865ರಲ್ಲಿ. ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ. ಬೇಗೂರಿನದ್ದೇ ಇನ್ನೊಂದು ದೊಡ್ಡ ವೀರಗಲ್ಲು ಅಲ್ಲಿನ ಸಂಗ್ರಹಕ್ಕೆ ಸೇರಿದೆ. ವೀರಮಹೇಂದ್ರ ಎಂಬ ಅರಸನ ವಿರುದ್ಧದ ಯುದ್ಧದಲ್ಲಿ ನಾಗತ್ತರ ಸತ್ತಿದ್ದು, ಗಂಗ ದೊರೆ ಎರೆಯಪ್ಪ ನಾಗತ್ತರನ ಪಟ್ಟವನ್ನ ಇರುಗ ಎಂಬವನಿಗೆ ಕಟ್ಟಿ, 'ಬೆಂಪೂರು ಹನ್ನೆರಡು' ಅನ್ನೋ ಹನ್ನೆರಡು ಹಳ್ಳಿಗಳ ಸೀಮೆಯನ್ನ ಕೊಟ್ಟಿದ್ದು ಅದರಲ್ಲಿದೆ. ಆ ಬೆಂಪೂರೇ ಇವತ್ತಿನ ಬೇಗೂರು.

ನನಗೆ ತುಂಬ ಪ್ರೀತಿಯ ಕಲ್ಲು ಇನ್ನೊಂದಿದೆ: ಮಂಡ್ಯ ಜಿಲ್ಲೆಯ ಆತಕೂರಿನದ್ದು. 949ರಲ್ಲಿ ತಕ್ಕೋಲದ ಯುದ್ಧ. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಒಂದು ಕಡೆ, ಚೋಳ ರಾಜಾದಿತ್ಯ ಇನ್ನೊಂದು ಕಡೆ. ರಾಜಾದಿತ್ಯ ಅಲ್ಲಿ ಸತ್ತ. ದಕ್ಷಿಣ ಭಾರತದ ದಿಕ್ಕನ್ನೇ ಬದಲಿಸಿದ ಯುದ್ಧ ಅದು. ಅದರಲ್ಲಿ ಬೂತುಗನ ಸೇವಕ ಮಣಲೇರ ಚೆನ್ನಾಗಿ ಕಾದಾಡಿದ. ಮೆಚ್ಚಿದ ಒಡೆಯ 'ಏನು ಬೇಕೋ ಕೇಳು' ಅಂದಾಗ ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಮುಂದೆ ಆ ಕಾಳಿ ಒಂದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಒಟ್ಟಿಗೆ ಸತ್ತವು. ಮಣಲೇರ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲನ್ನ ಪೂಜಿಸದೆ ಊಟ ಮಾಡಿದ ಪೂಜಾರಿಗೆ ಪಾಪ ತಟ್ಟುತ್ತೆ ಅಂತ ಬರೆಸಿದ. ನಾಯಿ, ಹಂದಿ ಎದುರುಬದುರಾದ ಶಿಲ್ಪವೂ ಅದರಲ್ಲೇ ಇದೆ. ಚಕ್ರವರ್ತಿಗಳ ಮಹಾಯುದ್ಧದ ಸುದ್ದಿ ನಮಗೆ ಇಷ್ಟು ಚೆನ್ನಾಗಿ ಸಿಕ್ಕಿರೋದರಲ್ಲಿ ಆ ನಾಯಿಯ ಕಲ್ಲಿಗೂ ದೊಡ್ಡ ಪಾಲಿದೆ.

ನಾನು ಹೇಳಬೇಕು ಅಂದುಕೊಂಡಿದ್ದು ಇದೇ. ತಾಮ್ರಪಟಗಳಲ್ಲಿ ರಾಜರ ವಂಶಾವಳಿ ಇರುತ್ತೆ. ಸೆಟ್ಟಿ, ಸೇವಕ, ದನ ಕಾಯುವವನು, ಬೇಟೆನಾಯಿ ಹೆಸರಿನ ಸಮೇತ ಇತಿಹಾಸಕ್ಕೆ ಬರೋದು ವೀರಗಲ್ಲಿನಿಂದ. ಇದನ್ನ ಕಳೆದುಕೊಂಡರೆ ಆ ಜನ ಇದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಇಲ್ಲ. ಬೆಂಗಳೂರಿನ ಹೆಬ್ಬಾಳದ ವೀರಗಲ್ಲಿನಲ್ಲಿ ಹೆಸರಿರೋ ಕಿತ್ತಯ್ಯನನ್ನೇ ನೋಡಿ. ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು 750. ಆ ಕಲ್ಲು ಬೆಳಕಿಗೆ ಬಂದಿದ್ದು 2018ರಲ್ಲಿ! ಅಲ್ಲಿಯವರೆಗೆ ಹೆಬ್ಬಾಳದಲ್ಲೇ ಇತ್ತು, ಜನ ಪಕ್ಕದಲ್ಲೇ ಓಡಾಡ್ತಿದ್ದರು. ಈಗ ಅದಕ್ಕೊಂದು ಮಂಟಪ ಇದೆ. ಸಂಜೆಯ ಹೊತ್ತಿಗೆ ಅಲ್ಲಿಗೆ ಹೋದರೆ ದಿನ ಸಾರ್ಥಕ.

ನಿಮ್ಮ ಊರಲ್ಲಿ ಹುಡುಕೋದು ಹೇಗೆ? 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಸಂಪುಟಗಳಿವೆ. ಬಿ.ಎಲ್. ರೈಸ್ ಅವರು ಹಳೇ ಮೈಸೂರು ಮತ್ತು ಕೊಡಗು ಸೀಮೆಯ ಸಾವಿರಾರು ಶಾಸನಗಳನ್ನ ಸಂಗ್ರಹಿಸಿ ಪ್ರಕಟಿಸಿದ್ದು. ಮೊದಲ ಸಂಪುಟ, ಕೊಡಗಿನ ಶಾಸನಗಳದ್ದು, 1886ರಲ್ಲಿ ಬಂತು. ಆಮೇಲಿನ ಸಂಪುಟಗಳಲ್ಲಿ ತಾಲೂಕಿನ ಪ್ರಕಾರ ಕ್ರಮಸಂಖ್ಯೆ ಕೊಟ್ಟಿದ್ದಾರೆ. ಅಂತರ್ಜಾಲದಲ್ಲೂ ಸಿಗ್ತವೆ. ನಿಮ್ಮ ತಾಲೂಕು ತೆಗೀರಿ, ಊರಿನ ಹೆಸರು ಹುಡುಕಿ. ಇನ್ನೂ ಆಳಕ್ಕೆ ಹೋಗಬೇಕಾದರೆ ಆರ್. ಶೇಷಶಾಸ್ತ್ರಿಗಳ 'ಕರ್ನಾಟಕದ ವೀರಗಲ್ಲುಗಳು' ಮತ್ತು ಚಿದಾನಂದಮೂರ್ತಿಗಳ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಓದಿ.

ಕಲ್ಲು ಸಿಕ್ಕರೆ ಅದನ್ನ ಕದಲಿಸಬೇಡಿ. ಓರೆ ಬೆಳಕಲ್ಲಿ ಫೋಟೋ ತೆಗೀರಿ, ಜಾಗ ಗುರುತು ಹಾಕಿಕೊಳ್ಳಿ, ಪುರಾತತ್ವ ಇಲಾಖೆಗೆ ತಿಳಿಸಿ. ಬೆಂಗಳೂರಿನ ಸುತ್ತಮುತ್ತ ಆದರೆ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ತ್ರಿಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸ್ತಿದ್ದಾರೆ, ಅವರಿಗೂ ಹೇಳಬಹುದು. ಎಲ್ಲಕ್ಕಿಂತ ಮುಖ್ಯ, ಆ ಊರಿನ ಹಿರಿಯರ ಜೊತೆ, ಮಕ್ಕಳ ಜೊತೆ ಕೂತು ಅದರಲ್ಲಿ ಏನಿದೆ ಅಂತ ಓದಿ ಹೇಳಿ. ಅದರಲ್ಲಿರೋ ಹೆಸರು ಗೊತ್ತಾದ ಮೇಲೆ ಆ ಊರಿನವರು ಕಲ್ಲನ್ನ ಚರಂಡಿಗೆ ಚಪ್ಪಡಿ ಮಾಡೋದಿಲ್ಲ. ಮುಂದಿನ ರಜೆಗೆ ನಿಮ್ಮ ತಾಲೂಕಿನ ಒಂದು ಕಲ್ಲು ನೋಡಿ ಬನ್ನಿ. ಅದರಲ್ಲಿ ಯಾರ ಹೆಸರಿತ್ತು ಅಂತ ನನಗೂ ಹೇಳಿ.