ಹನ್ನೆರಡು ವಾರ

ಕಾಯಿಲೆಯ ವಿಷಯವಾಗಿ ಬಾನುಲಿಯಲ್ಲಿ ಮಾತನಾಡಬೇಕಾದವರು ವೈದ್ಯರು. ನಾನು ಕೋಲಾರ ತಾಲ್ಲೂಕಿನ ಹೋಳೂರಿನಲ್ಲಿ ನೆಲೆಸಿರುವ ಕನ್ನಡ ಉಪಾಧ್ಯಾಯ. ಆದರೆ ಶ್ರೋತೃಗಳೆ, ಔಷಧವನ್ನು ಬರೆದುಕೊಟ್ಟ ದಿನಕ್ಕೂ ಅದು ಗುಣ ತೋರುವ ದಿನಕ್ಕೂ ನಡುವೆ ಒಂದು ಕಾಲವಿದೆ. ಆ ಕಾಲವನ್ನು ಮನೆಯವರೇ ಕಳೆಯಬೇಕು. ಅದನ್ನು ಕುರಿತು ನಾಲ್ಕು ಮಾತು ಹೇಳುವಷ್ಟು ಅನುಭವ ನನಗೀಗ ಆಗಿದೆ.

ನನ್ನ ಮಗನಿಗೆ ಹನ್ನೊಂದು ವರ್ಷ. 2023ರ ಮಳೆಗಾಲದಲ್ಲಿ ಹೊಟ್ಟೆನೋವು ಎಂದ. ಎಲ್ಲರ ಮನೆಗಳಲ್ಲಿ ಮಾಡುವಂತೆ ನಾವೂ ಓಮದ ಕಷಾಯ ಕುಡಿಸಿದೆವು, ಜಂತುಹುಳುವಿನ ಮಾತ್ರೆ ಕೊಟ್ಟೆವು. ನನ್ನ ತಾಯಿ ದೃಷ್ಟಿ ತೆಗೆದರು. ಶಾಲೆ ತಪ್ಪಿಸುವ ಉಪಾಯವಿರಬೇಕೆಂದು ಒಂದು ದಿನ ನಾನು ಗದರಿಕೊಂಡದ್ದೂ ಉಂಟು. ಆ ದಿನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಭೇದಿ ಬಂದಿತು, ಸಂಜೆಯ ಜ್ವರ ಬಂದಿತು, ಬಾಯಲ್ಲಿ ಹುಣ್ಣೆದ್ದಿತು. ಪ್ರತಿ ಯುಗಾದಿಯಂದು ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಅವರ ಎತ್ತರಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. 2024ರ ಯುಗಾದಿಯ ಗೆರೆ ಹಿಂದಿನ ವರ್ಷದ ಗೆರೆಯ ಮೇಲೆಯೇ ಬಿದ್ದಿತು. ನನ್ನ ಹೆಂಡತಿ ಏನೂ ಹೇಳದೆ ಒಳಗೆ ಹೋದಳು.

ಮೊದಲು ತೋರಿಸಿದ ಕಡೆ ಕರುಳಿನ ಕ್ಷಯವೆಂದರು. ಅವರನ್ನು ನಾನು ದೂರುವುದಿಲ್ಲ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣು ಕಂಡರೆ ನಮ್ಮ ದೇಶದಲ್ಲಿ ಕ್ಷಯದ ಅನುಮಾನ ಬರುವುದು ಸಹಜವೇ. ಎರಡು ರೋಗಗಳೂ ಅದೇ ಜಾಗವನ್ನು ಹಿಡಿಯುತ್ತವೆ. ಸೂಕ್ಷ್ಮದರ್ಶಕದ ಕೆಳಗೂ ಎಷ್ಟೋ ಸಲ ಒಂದನ್ನೊಂದು ಹೋಲುತ್ತವೆ. ಈ ಗೊಂದಲ ಹಳೆಯದು. 1913ರಲ್ಲಿಯೇ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್ಜಿಯೆಲ್ ಕ್ಷಯದಂತೆ ಕಂಡರೂ ಕ್ಷಯವಲ್ಲದ ಇಂಥ ಕರುಳುಬೇನೆಯನ್ನು ವರ್ಣಿಸಿ, ದನಗಳನ್ನು ಸೊರಗಿಸುವ ಒಂದು ರೋಗಕ್ಕೆ ಅದನ್ನು ಹೋಲಿಸಿದ್ದ. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ಅದನ್ನು ಪ್ರತ್ಯೇಕ ರೋಗವೆಂದು ನಿರೂಪಿಸಿದರು. ಅಕ್ಷರಕ್ರಮದಲ್ಲಿ ಮೊದಲು ಬಂದ ಕ್ರೋನ್‌ರ ಹೆಸರು ರೋಗಕ್ಕೆ ಅಂಟಿಕೊಂಡಿತು. ಹಾಜರಿ ಪುಸ್ತಕದ ನ್ಯಾಯ!

ಕ್ಷಯದ ಮಾತ್ರೆಗಳನ್ನು ಮೂರು ತಿಂಗಳು ನುಂಗಿದ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತೇ ಹೊರತು ಹುಣ್ಣು ಮಾಯಲಿಲ್ಲ. ಬೆಂಗಳೂರಿಗೆ ಕರೆದೊಯ್ದೆವು. ದುರ್ಬೀನನ್ನು ಕರುಳಿಗಿಳಿಸಿ ನೋಡಿ, ತುಣುಕು ತೆಗೆದು ಪರೀಕ್ಷಿಸಿ, ಕ್ರೋನ್ಸ್ ರೋಗವೆಂದು ನಿಶ್ಚಯಿಸಿದರು. ಬೇರು ಸಹಿತ ಕೀಳುವ ರೋಗ ಇದಲ್ಲ, ಆದರೆ ಮಲಗಿಸಿಡಬಹುದು ಎಂದರು. ದೇಹವನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ, ಮನೆಯ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ.

2024ರ ಡಿಸೆಂಬರಿನ ಎರಡನೆಯ ವಾರ ಚಿಕಿತ್ಸೆ ಎರಡು ಬಗೆಯಲ್ಲಿ ಮೊದಲಾಯಿತು. ಎಂಟು ವಾರ ಅನ್ನ, ಮುದ್ದೆ, ತಿಂಡಿ ಯಾವುದೂ ಕೂಡದು. ಪುಡಿಯನ್ನು ನೀರಿನಲ್ಲಿ ಕದಡಿದ ಪೋಷಕ ಪಾನೀಯವೊಂದೇ ಆಹಾರ. ಮಕ್ಕಳಲ್ಲಿ ಇದೇ ಮೊದಲ ಚಿಕಿತ್ಸೆ. ಕರುಳಿನ ಉರಿಯನ್ನು ಕೆಲವು ವಾರಗಳಲ್ಲಿ ಇಳಿಸಬಲ್ಲದು. ಜೊತೆಗೆ ದಿನಕ್ಕೊಂದು ಐವತ್ತು ಮಿಲಿಗ್ರಾಮಿನ ಅಜಾಥಯೊಪ್ರಿನ್ ಮಾತ್ರೆ. 1988ರ ನೊಬೆಲ್ ಬಹುಮಾನ ಪಡೆದ ಗರ್ಟ್ರೂಡ್ ಎಲಿಯನ್ ಮತ್ತು ಹಿಚಿಂಗ್ಸ್ ಕಂಡುಹಿಡಿದ ಈ ಔಷಧ ಬಹಳ ನಿಧಾನದ್ದು. ಹೊಸದಾಗಿ ಹುಟ್ಟುವ ಬಿಳಿಯ ರಕ್ತಕಣಗಳ ಹೆಚ್ಚಳವನ್ನು ಅದು ತಡೆಯುತ್ತದೆ. ಪೂರ್ಣ ಫಲ ಕಾಣಲು ಹನ್ನೆರಡು ವಾರ ಬೇಕಾದೀತು. ಬಿಳಿಕಣ ತೀರ ಇಳಿಯದಂತೆ ಆಗಾಗ ರಕ್ತಪರೀಕ್ಷೆಯಾಗಬೇಕು.

ಎಂಟು ವಾರಕ್ಕೆ ಪಾನೀಯ ನಿಲ್ಲುತ್ತದೆ, ಹನ್ನೆರಡು ವಾರಕ್ಕೆ ಮಾತ್ರೆ ಹಿಡಿಯುತ್ತದೆ. ನಡುವಿನ ನಾಲ್ಕು ವಾರ ಯಾವುದರ ಆಸರೆ? ರಾತ್ರಿ ನಿದ್ದೆ ಬಾರದಾಗ ನಾನು ಮಾಡುತ್ತಿದ್ದ ಲೆಕ್ಕ ಇದೊಂದೇ.

ಅದು ಅವರೆಕಾಯಿಯ ಕಾಲ. ಆ ತಿಂಗಳುಗಳಲ್ಲಿ ಕೋಲಾರದ ಸೀಮೆಯ ಅಡುಗೆಮನೆಗಳು ಹೇಗಿರುತ್ತವೆಂದು ಬಲ್ಲವರು ಬಲ್ಲರು. ಸೊಗಡಿನ ಕಾಯಿ ಮೊರದ ತುಂಬ, ಹಿತುಕಿದ ಬೇಳೆಯ ಸಾರಿನ ವಾಸನೆ ಬೀದಿಯ ತುಂಬ. ಈ ವರ್ಷ ನಮ್ಮ ಮನೆಗೆ ಅವರೆ ತರುವುದೇ ಬೇಡವೆಂದು ನಾವು ದೊಡ್ಡವರು ತೀರ್ಮಾನಿಸಿದೆವು. ಅದಕ್ಕೆ ಅಡ್ಡಿ ಮಾಡಿದವನು ಅವನೇ. “ನೀವೂ ತಿನ್ನದೆ ಹೋದರೆ ನನ್ನ ಕಾಯಿಲೆ ತುಂಬಾ ದೊಡ್ಡದು ಅನ್ನಿಸುತ್ತೆ,” ಎಂದ. ಅವರೆ ತಂದೆವು. ಅವನು ಅಜ್ಜಿಯ ಪಕ್ಕದಲ್ಲಿ ಕುಳಿತು, ನೆನೆದ ಕಾಳನ್ನು ಒಂದೊಂದಾಗಿ ಹಿತುಕಿ ಪಾತ್ರೆಗೆ ಹಾಕುತ್ತಿದ್ದ. ಒಂದು ಬೇಳೆಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನಾಗಿದ್ದರೆ ಹಾಕಿಕೊಳ್ಳುತ್ತಿದ್ದೆ.

ನಾನು ಮಾಡಿದ ತಪ್ಪು ಬೇರೆ. ಬೆಳಿಗ್ಗೆ ಎದ್ದರೆ “ಹೊಟ್ಟೆ ಹೇಗಿದೆ?”, ಶಾಲೆಯಿಂದ ಬಂದರೆ “ಹೇಗಿದೆ?”, ಮಲಗುವಾಗ ಮತ್ತೊಮ್ಮೆ. “ಚೆನ್ನಾಗಿದೆ ಅಪ್ಪ” ಎನ್ನುತ್ತಿದ್ದ, ನಾನು ಹಿಗ್ಗುತ್ತಿದ್ದೆ. ಮೂರನೆಯ ವಾರದ ಒಂದು ರಾತ್ರಿ ಹಿತ್ತಲಿಗೆ ಹೋದಾಗ, ಒಗೆಯುವ ಕಲ್ಲಿನ ಬಳಿ ಹೊಟ್ಟೆ ಹಿಡಿದು ಮಡಿಸಿಕೊಂಡು ಕುಳಿತಿದ್ದ. ಚೆನ್ನಾಗಿದೆ ಎಂದೆಯಲ್ಲೋ ಎಂದೆ. ತಲೆಯೆತ್ತದೆ ಹೇಳಿದ: “ನೀನು ಕೇಳಿದಾಗ ನಿನ್ನ ಮುಖ ನೋಡಿ ಹೇಳ್ತೀನಪ್ಪ.”

ಔಷಧ ಹಿಡಿಯಲೆಂದು ನಾನು ಕಾಯುತ್ತಿದ್ದೆ. ನಾನು ನೆಮ್ಮದಿಯಾಗಿರಲೆಂದು ಅವನು ಕಾಯುತ್ತಿದ್ದ. ಹನ್ನೊಂದು ವರ್ಷದ ಮಗುವಿನ ಮೇಲೆ ಆ ಹೊರೆಯನ್ನೂ ನಾನೇ ಹೊರಿಸಿದ್ದೆ.

ಮರುದಿನದಿಂದ ಕೇಳುವುದನ್ನು ಬಿಟ್ಟೆ. ಅವನಿಗೊಂದು ಪುಸ್ತಕ ಕೊಟ್ಟೆವು. ನೋವಿದ್ದ ದಿನ ಗುಣಾಕಾರದ ಗುರುತು, ಇಲ್ಲದ ದಿನ ಸೊನ್ನೆ. ಭಾನುವಾರ ಒಂದು ಸಲ ಅದನ್ನು ನಾನು ನೋಡಬಹುದು, ನಡುವೆ ಕೂಡದು, ಷರತ್ತು ಅವನದೇ. ಅದೇ ದಿನ ಔಷಧಿ ಅಂಗಡಿಯ ಯಂತ್ರದ ಮೇಲೆ ತೂಕ. ಮೊದಲ ವಾರ ಇಪ್ಪತ್ತೆರಡು ಕಿಲೋ ಆರುನೂರು ಗ್ರಾಂ. ಮೂರನೆಯ ವಾರವೂ ಅಷ್ಟೇ. ಐದನೆಯ ವಾರ ಇಪ್ಪತ್ತಮೂರೂವರೆ, ಎಂಟನೆಯ ವಾರ ಇಪ್ಪತ್ತೈದಕ್ಕೆ ಸ್ವಲ್ಪ ಕಡಿಮೆ. ಸೊನ್ನೆಗಳು ಹೆಚ್ಚಿದವು. ಲೆಕ್ಕದ ಪುಸ್ತಕದಲ್ಲಿ ಮಗ ಸೊನ್ನೆ ತೆಗೆದುಕೊಂಡುದಕ್ಕೆ ಸಂತೋಷಪಟ್ಟ ಉಪಾಧ್ಯಾಯ ನಾನೊಬ್ಬನೇ ಇರಬೇಕು.

ಸದ್ದಿಲ್ಲದೆ ನಡೆಯುವ ಕೆಲಸದ ಪರಿಚಯ ನಮ್ಮ ಜಿಲ್ಲೆಯವರಿಗಿದೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದು ಬಂದಾಗ ಜನ ನೋಡಲು ಹೋದರು. ಕೆರೆಗೆ ಬಂದ ನೀರು ಅಂದೇ ಕೊಳವೆಬಾವಿಗೆ ಬರಲಿಲ್ಲ. ನೆಲದೊಳಗೆ ಅದು ಎಲ್ಲಿ ಎಷ್ಟು ಇಳಿದಿದೆಯೆಂದು ಮೇಲೆ ನಿಂತವನಿಗೆ ಕಾಣುವುದಿಲ್ಲ. ಮೋಟಾರು ಹಾಕಿ ನೋಡುವುದನ್ನು ಬಿಡಲೂ ಆಗುವುದಿಲ್ಲ.

ಒಂಬತ್ತನೆಯ ವಾರ ಗಂಜಿಯಿಂದ ಊಟ ಆರಂಭವಾಯಿತು. ನಿಂಬೆಹಣ್ಣಿನ ಗಾತ್ರದ ಮುದ್ದೆಯೂ ಆಯಿತು. ಹತ್ತನೆಯ ವಾರ, ಸರಿಯಾಗಿ ನನ್ನ ಲೆಕ್ಕದ ಆ ಬಯಲಿನಲ್ಲಿ, ಪುಸ್ತಕದಲ್ಲಿ ಎರಡು ಗುಣಾಕಾರ ಕಂಡವು. ಮುದ್ದೆಯ ದೋಷವೋ ರೋಗವೇ ತಲೆಯೆತ್ತಿತೋ ತಿಳಿಯದು. ಮಲದ ಪರೀಕ್ಷೆಯಿಂದ ಕರುಳಿನ ಉರಿಯನ್ನು ಅಳೆಯಬಹುದಂತೆ. ಮಾದರಿ ಕಳಿಸಿದ್ದೇವೆ, ವರದಿ ಬರಬೇಕು. ಮಾತ್ರೆ ಹಿಡಿಯದಿದ್ದರೆ ರಕ್ತನಾಳಕ್ಕೆ ಹನಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವಿದೆಯೆಂದು ವೈದ್ಯರು ಧೈರ್ಯ ಹೇಳಿದ್ದಾರೆ.

ಇದು ಹನ್ನೊಂದನೆಯ ವಾರ. ಅವರೆಯ ಕಾಲ ಮುಗಿಯಿತು. ಅವನು ಹಿತುಕಿದ ಬೇಳೆಯಲ್ಲಿ ಎರಡು ಹಿಡಿಯನ್ನು ನನ್ನ ತಾಯಿ ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದಾರೆ. ಯಾರಿಗೆಂದು ಅವರು ಹೇಳಿಲ್ಲ. ನಿನ್ನೆ ಅವನು ಆ ಡಬ್ಬಿಯನ್ನು ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಮತ್ತೆ ಅಲ್ಲೇ ಇಟ್ಟ.