ಏರುವಾಗ ತಿರುಗುವ ಗಾಳಿ

ನಾನು ಸಾಫ್ಟ್‌ವೇರ್‌ನವ, ಪೈಲಟ್ ಅಲ್ಲ. ಆದರೆ ಕಣದಲ್ಲಿ ಜೋಳ ತೂರುವಾಗ ಗಾಳಿ ತಿರುಗಿದರೆ ಹೊಟ್ಟು ಮೈಮೇಲೆ ಬೀಳುವುದನ್ನು ಕಂಡವ. ಸಾಂಬ್ರಾದಿಂದ ಏರುವ ವಿಮಾನಕ್ಕೂ ಇದೇ ಗಾಳಿ. ರೆಕ್ಕೆಗೆ ಬೇಕಾದುದು ನೆಲದ ಮೇಲಿನ ವೇಗವಲ್ಲ, ಗಾಳಿಯೆದುರಿನ ವೇಗ. ಓಟ ಗಂಟೆಗೆ 90 ಕಿ.ಮೀ., ಎದುರುಗಾಳಿ 20 ಇದ್ದರೆ ರೆಕ್ಕೆಗೆ ಸಿಗುವುದು 110. ಅದೇ ಗಾಳಿ ತಟ್ಟನೆ ಹಿಂದಿನಿಂದ ಬೀಸಿತೋ, ಬರೀ 70. ಸಣ್ಣ ವಿಮಾನ ಬೀಳಲು ಅಷ್ಟು ಸಾಕು.

1996ರ ಏಪ್ರಿಲ್ 11ರಂದು ಅಮೆರಿಕದ ಶಯೆನ್‌ನಲ್ಲಿ ಗಾಳಿಮಳೆಯಲ್ಲೇ ಏರಿದ ಸೆಸ್ನಾ ಬಿದ್ದು 7 ವರ್ಷದ ಬಾಲಕಿ, ಅವಳ ತಂದೆ, ವಿಮಾನ ಕಲಿಸುತ್ತಿದ್ದ ಪೈಲಟ್ ಮೂವರೂ ಸತ್ತರು. ಭಾರವೂ ಹೆಚ್ಚಿತ್ತು. ಪತ್ರಕರ್ತರಿಗೆ ಕೊಟ್ಟ ಮಾತು ತಪ್ಪಬಾರದೆಂಬ ಅವಸರವನ್ನೂ ತನಿಖೆ ಎತ್ತಿ ಹೇಳಿತು. ಮಗುವಿನ ಹೆಸರಿನಲ್ಲಿ ದೊಡ್ಡವರ ಅವಸರ!

ಪೈಲಟ್ ಆಗುವೆನೆನ್ನುವ ತಮ್ಮ ತಂಗಿಯರೇ, ಅಡ್ಡಮಳೆಯ ಮೋಡ ಕಟ್ಟಿದಾಗ ರನ್‌ವೇ ಪಕ್ಕದ ಗಾಳಿಚೀಲ ನೋಡಿರಿ. ಅದು ಗಳಿಗೆಗೊಂದು ದಿಕ್ಕಿಗೆ ತಿರುಗುತ್ತಿದ್ದರೆ, "ಸರ್, ಇವತ್ತು ಬೇಡ" ಎನ್ನಿರಿ.