ತೊಟ್ಟಿಕ್ಕುವ ನಲ್ಲಿ

ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಬಚ್ಚಲಿನಿಂದ ಟಪ್, ಟಪ್ ಸದ್ದು ಕೇಳಿದ್ದೀರಾ? ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 86,400 ಹನಿ.

ಹನಿ ಸೋರಿದರೆ ಅದನ್ನು ಮೇಲೇರಿಸಿದ ವಿದ್ಯುತ್ತೂ ಪೋಲು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೂರು ಹಂತಗಳಲ್ಲಿ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಮುಟ್ಟಿಸುತ್ತಾರೆ. ಮಂಡ್ಯ, ಮದ್ದೂರಿನ ನಮಗೆ ನದಿ ಹತ್ತಿರ, ನಿಜ. ಆದರೂ ಮೋಟಾರು ಓಡದೆ ನಮ್ಮ ಟ್ಯಾಂಕಿಗೂ ನೀರು ಏರುವುದಿಲ್ಲ.

ತಿರುಗಿಸುವ ಹಳೇ ನಲ್ಲಿ ಸೋರಿದರೆ ಬಹುಪಾಲು ತಪ್ಪು ಒಳಗಿನ ವಾಷರಿನದು. ನಾವು ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತೇವೆ. ಸವೆದ ರಬ್ಬರು ಮತ್ತಷ್ಟು ನಜ್ಜುಗುಜ್ಜಾಗುತ್ತದೆ. ವಾಷರು ಬದಲಿಸಲು ಮೊದಲು ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿಯಬಿಡಿ. ಸ್ಪ್ಯಾನರಿನಿಂದ ನಲ್ಲಿಯ ತಲೆ ಬಿಚ್ಚಿದರೆ ಅಂಗಿಯ ಗುಂಡಿಯಂಥ ಕಪ್ಪು ವಾಷರು, ಅದರ ಮೇಲೆ ಉಂಗುರದಂತೆ ಬಿದ್ದ ತಗ್ಗು ಕಾಣುತ್ತದೆ. ಅದನ್ನೇ ಅಂಗಡಿಗೆ ಒಯ್ದು ತೋರಿಸಿ, ಅದೇ ಅಳತೆಯದನ್ನು ತನ್ನಿ. ಬೋರ್‌ವೆಲ್ಲಿನ ಗಡಸು ನೀರಾದರೆ ವಾಷರು ಕೂರುವ ಜಾಗದಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟಿರುತ್ತದೆ, ಉಜ್ಜಿ ತೆಗೆಯಿರಿ.

ಗೇಟ್‌ವಾಲ್ವ್ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತೋರಿಸಿಡಿ. ಪೈಪು ಒಡೆಯುವುದು ನೀವು ಮನೆಯಲ್ಲಿಲ್ಲದ ದಿನವೇ ಆಗಬಹುದು. ಇವತ್ತು ಸ್ನಾನ ಮುಗಿಸಿ ನಲ್ಲಿ ಮುಚ್ಚಿದ ಮೇಲೆ ಒಂದು ನಿಮಿಷ ನಿಂತು ಕೇಳಿ.